ಡಿಬಗರಿನ ಪರದೆಯ ಮೇಲೆ ಸ್ಟ್ಯಾಟಿಕ್ ಸದಸ್ಯ

ಪ್ರೋಗ್ರಾಂ ಬರೆಯುವವರಿಗೆ ಡಿಬಗರ್ ಎಂದರೇನು ಎಂದು ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಓಡುತ್ತಿರುವ ಪ್ರೋಗ್ರಾಮನ್ನು ನಡುದಾರಿಯಲ್ಲಿ ತಡೆದು ನಿಲ್ಲಿಸಿ, ಒಳಗೆ ಏನು ನಡೆದಿದೆ ಎಂದು ನೋಡಲು ಬಿಡುವ ಇನ್ನೊಂದು ಪ್ರೋಗ್ರಾಂ ಅದು. ಯಾವ ಸಾಲಿನಲ್ಲಿ ನಿಂತಿದ್ದೇವೆ, ಯಾವ ಹೆಸರಿಗೆ ಯಾವ ಬೆಲೆ ಇದೆ, ಎಲ್ಲವನ್ನೂ ಕೇಳಿ ತಿಳಿದುಕೊಳ್ಳಬಹುದು. ಲಿನಕ್ಸ್ ಬಳಸುವವರು ಬಹಳ ಕಾಲದಿಂದ ನೆಚ್ಚಿಕೊಂಡಿರುವ ಡಿಬಗರ್ ಜಿಡಿಬಿ. ರಿಚರ್ಡ್ ಸ್ಟಾಲ್ಮನ್ ಅದನ್ನು 1986ರಲ್ಲಿ ಬರೆದರು. ಸಿ ಪ್ಲಸ್ ಪ್ಲಸ್ ಭಾಷೆ ಅದಕ್ಕೆ ಅರ್ಥವಾಗುವಂತೆ ಮಾಡಿದ ಕೆಲಸದಲ್ಲಿ ದೊಡ್ಡ ಪಾಲು ಮೈಕೆಲ್ ಟೀಮನ್ ಅವರದು.

ಇವತ್ತು ನಾನು ಮಾತಾಡುವುದು ಒಂದು ಸಣ್ಣ ಸಂಗತಿಯ ಬಗ್ಗೆ. ಕ್ಲಾಸಿನ ಸ್ಟ್ಯಾಟಿಕ್ ಸದಸ್ಯವನ್ನು ಡಿಬಗರ್ ಹೇಗೆ ತೋರಿಸುತ್ತದೆ? ಹಾಗೆ ತೋರಿಸಿದ್ದನ್ನು ನಾವು ಹೇಗೆ ಓದಬೇಕು? ಸಣ್ಣದಾದರೂ ಇದು ತಿಳಿಯದೆ ಗಂಟೆಗಟ್ಟಲೆ ತಪ್ಪು ಜಾಗದಲ್ಲಿ ಹುಡುಕುವ ಎಳೆಯ ಇಂಜಿನಿಯರುಗಳು ಬಹಳ ಮಂದಿ. ಆ ಕಾರಣಕ್ಕೇ ಈ ಮಾತು.

ಬ್ಯಾಂಕಿನ ಲೆಕ್ಕ ಇಡುವ ಒಂದು ಪ್ರೋಗ್ರಾಂ ಇದೆ ಎನ್ನಿ. ಅದರಲ್ಲಿ ಅಕೌಂಟ್ ಎಂಬ ಕ್ಲಾಸ್. ಒಂದು ಖಾತೆಯಲ್ಲಿ ಏನೇನಿರಬೇಕು ಎಂದು ಅದು ಹೇಳುತ್ತದೆ. ಖಾತೆಯ ಸಂಖ್ಯೆ, ಅದರ ಹೆಸರು ನಂಬರ್. ಖಾತೆಯಲ್ಲಿರುವ ಶಿಲ್ಕು, ಅದರ ಹೆಸರು ಬ್ಯಾಲೆನ್ಸ್. ಇವು ಕ್ಲಾಸಿನ ಸದಸ್ಯಗಳು, ಒಂದೊಂದಕ್ಕೂ 8 ಬೈಟ್ ಜಾಗ. ಈ ಕ್ಲಾಸಿನ ಪ್ರಕಾರ ಹುಟ್ಟಿದ ಪ್ರತಿಯೊಂದು ಖಾತೆಯೂ ಒಂದು ಆಬ್ಜೆಕ್ಟ್. ಹತ್ತು ಖಾತೆ ಇದ್ದರೆ ಹತ್ತು ನಂಬರ್, ಹತ್ತು ಬ್ಯಾಲೆನ್ಸ್.

ಇದರ ಜೊತೆಗೆ ಇನ್ನೊಂದು ಬೇಕು. ಒಟ್ಟು ಎಷ್ಟು ಖಾತೆ ತೆರೆದಿದ್ದೇವೆ ಎಂಬ ಎಣಿಕೆ. ಇದು ಎಲ್ಲ ಖಾತೆಗಳಿಗೂ ಸೇರಿದ್ದು. ಅದಕ್ಕೆ ಟೋಟಲ್ ಎಂದು ಹೆಸರಿಟ್ಟು, ಮುಂದೆ ಸ್ಟ್ಯಾಟಿಕ್ ಎಂದು ಸೇರಿಸಿ, ಕ್ಲಾಸಿನೊಳಗೇ ಬರೆಯುತ್ತೇವೆ. ಹಾಗೆ ಬರೆದರೆ ಇಡೀ ಪ್ರೋಗ್ರಾಮಿಗೆ ಅದರ ಪ್ರತಿ ಒಂದೇ.

ಹಳೆಯ ಮೈಸೂರು, ಬೆಂಗಳೂರಿನ ವಠಾರಗಳನ್ನು ನೆನೆಸಿಕೊಳ್ಳಿ. ಸಾಲಾಗಿ ಮನೆಗಳು. ಒಂದೊಂದು ಮನೆಗೂ ಅದರದೇ ಒಲೆ, ಅದರದೇ ಪಡಸಾಲೆ. ಬಾವಿ ಮಾತ್ರ ಅಂಗಳದಲ್ಲಿ ಒಂದೇ. ಯಾವ ಮನೆಯವರನ್ನು ಕೇಳಿದರೂ ನಮ್ಮ ಬಾವಿ ಎನ್ನುತ್ತಾರೆ. ಮನೆಯೊಳಗೆ ಹುಡುಕಿದರೆ ಬಾವಿ ಸಿಗುವುದಿಲ್ಲ. ಸ್ಟ್ಯಾಟಿಕ್ ಸದಸ್ಯವೂ ಹಾಗೆಯೇ. ಹೆಸರಿಗೆ ಪ್ರತಿ ಆಬ್ಜೆಕ್ಟಿನದು, ಇರುವುದು ಎಲ್ಲ ಆಬ್ಜೆಕ್ಟುಗಳ ಹೊರಗೆ. ಒಂದು ಅಕೌಂಟಿನ ಗಾತ್ರ ಎಷ್ಟು ಎಂದು ಕಂಪೈಲರನ್ನು ಕೇಳಿದರೆ 16 ಬೈಟ್ ಎನ್ನುತ್ತದೆ. ನಂಬರಿಗೆ 8, ಬ್ಯಾಲೆನ್ಸಿಗೆ 8. ಟೋಟಲ್ ಲೆಕ್ಕಕ್ಕೇ ಬಂದಿಲ್ಲ.

ಸರಿ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಸಾಮಾನ್ಯ ಸದಸ್ಯ ಆಬ್ಜೆಕ್ಟಿನ ಒಳಗಿದೆ, ಸ್ಟ್ಯಾಟಿಕ್ ಸದಸ್ಯ ಹೊರಗಿದೆ. ಈಗ ಡಿಬಗರಿನ ಪರದೆಗೆ ಹೋಗೋಣ.

ಮೂರು ಖಾತೆ ತೆರೆದಿದ್ದೇವೆ. ಹೆಸರು ಎ, ಬಿ, ಸಿ. ಪ್ರೋಗ್ರಾಮನ್ನು ನಿಲ್ಲಿಸಿ, ಜಿಡಿಬಿಗೆ ಪ್ರಿಂಟ್ ಎ ಎಂದು ಹೇಳುತ್ತೇವೆ. ಪರದೆಯ ಮೇಲೆ ಒಂದು ಸಾಲು ಬರುತ್ತದೆ. ನಾನು ಓದುತ್ತೇನೆ, ಕೇಳಿ. ಬಳ್ಳಿ ಆವರಣ ತೆರೆಯುತ್ತದೆ. ನಂಬರ್ ಸಮ 101. ಅಲ್ಪವಿರಾಮ. ಬ್ಯಾಲೆನ್ಸ್ ಸಮ 5000. ಅಲ್ಪವಿರಾಮ. ಸ್ಟ್ಯಾಟಿಕ್ ಟೋಟಲ್ ಸಮ 3. ಆವರಣ ಮುಚ್ಚುತ್ತದೆ.

ಗಮನಿಸಿದಿರಾ? ಮೂರೂ ಒಂದೇ ಆವರಣದೊಳಗೆ, ಒಂದೇ ಸಾಲಿನಲ್ಲಿ ಕೂತಿವೆ. ಟೋಟಲ್ ಹೊರಗಿನದು ಎಂಬುದಕ್ಕೆ ಅದಕ್ಕೆ ಮೊದಲು ಬಂದ ಸ್ಟ್ಯಾಟಿಕ್ ಎಂಬ ಗುರುತೊಂದೇ ಸಾಕ್ಷಿ. ಬಿ ಯನ್ನು ಕೇಳಿದರೂ ಕೊನೆಯಲ್ಲಿ ಸ್ಟ್ಯಾಟಿಕ್ ಟೋಟಲ್ ಸಮ 3. ಸಿ ಯನ್ನು ಕೇಳಿದರೂ ಅದೇ. ಮೂರು ಕಡೆ ಮೂರು ಬಾರಿ ಕಂಡದ್ದು ಒಂದೇ ಜಾಗದ ಒಂದೇ ಬೆಲೆ. ಮೂರು ಎಣಿಕೆಗಳಿವೆ ಎಂದು ಹೊಸಬರು ತಿಳಿಯುವುದು ಇಲ್ಲೇ.

ಇದನ್ನು ಪರೀಕ್ಷಿಸುವುದು ಸುಲಭ. ಎ ಯ ಮೂಲಕ ಟೋಟಲನ್ನು 10 ಮಾಡಿ. ಆಮೇಲೆ ಪ್ರಿಂಟ್ ಬಿ ಎನ್ನಿ. ಬಿ ಯನ್ನು ಯಾರೂ ಮುಟ್ಟಿಲ್ಲ, ಆದರೂ ಅಲ್ಲಿ 10 ಕಾಣುತ್ತದೆ. ಇನ್ನೂ ಖಚಿತವಾಗಬೇಕಾದರೆ ಬೆಲೆ ಬಿಟ್ಟು ವಿಳಾಸ ಕೇಳಿ. 64 ಬಿಟ್ ಲಿನಕ್ಸ್ ಯಂತ್ರದಲ್ಲಿ ಎ ಯ ವಿಳಾಸ ಸಾಮಾನ್ಯವಾಗಿ 7ರಿಂದ ಶುರುವಾಗಿ, ಹಿಂದೆ ಎಫ್ ಅಕ್ಷರಗಳ ಉದ್ದ ಸಾಲು ಇರುವಂಥದ್ದು. ಅದು ಸ್ಟ್ಯಾಕ್ ಎಂಬ ಜಾಗ. ಎ ಯ ಟೋಟಲಿನ ವಿಳಾಸ ಕೇಳಿದರೆ 5ರ ಸಾಲು ಬರುತ್ತದೆ. ಅದು ಪ್ರೋಗ್ರಾಮಿನ ಸ್ವಂತ ಡೇಟಾ ಇರುವ ಜಾಗ. ಎರಡಕ್ಕೂ ನಡುವೆ ಅಪಾರ ದೂರ. ಬಿ ಯ ಟೋಟಲ್, ಸಿ ಯ ಟೋಟಲ್ ಎಂದು ಕೇಳಿದರೂ ಅಂಕಿ ತಪ್ಪದೆ ಅದೇ ವಿಳಾಸ. ಪ್ರತಿಯೊಬ್ಬ ವಿದ್ಯಾರ್ಥಿಯೂ ಲ್ಯಾಬಿನಲ್ಲಿ ಒಮ್ಮೆ ಇದನ್ನು ಕೈಯಾರೆ ಮಾಡಿ ನೋಡಬೇಕು ಎಂಬುದು ನನ್ನ ಆಸೆ. ಪುಸ್ತಕದಲ್ಲಿ ಹತ್ತು ಸಲ ಓದಿದರೂ ಹತ್ತದ್ದು ಈ ಎರಡು ವಿಳಾಸಗಳನ್ನು ಒಟ್ಟಿಗೆ ನೋಡಿದಾಗ ತಲೆಗೆ ಹತ್ತುತ್ತದೆ.

ಪರದೆಯ ಮೇಲೆ ಒಟ್ಟಿಗೆ ಕಂಡದ್ದು ಮೆಮೊರಿಯಲ್ಲಿ ಒಟ್ಟಿಗೆ ಇಲ್ಲ. ಇದು ಗೊತ್ತಾಯಿತು. ಹಾಗಾದರೆ ಡಿಬಗರಿಗೆ ಆ ಹೊರಗಿನ ಜಾಗ ಹೇಗೆ ಸಿಕ್ಕಿತು?

ಕಂಪೈಲರ್ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸುವಾಗ, ನಾವು ಕೇಳಿಕೊಂಡರೆ, ಡಿಬಗರಿಗಾಗಿ ಒಂದಿಷ್ಟು ಮಾಹಿತಿ ಬರೆದಿಡುತ್ತದೆ. ಆ ಮಾಹಿತಿ ಹೇಗಿರಬೇಕು ಎಂಬುದಕ್ಕೆ ಡ್ವಾರ್ಫ್ ಎಂಬ ಕಟ್ಟಳೆ ಇದೆ. ಅದರ ಮೊದಲ ಆವೃತ್ತಿ 1992ರದು, ಐದನೆಯದು 2017ರದು. ಸಾಮಾನ್ಯ ಸದಸ್ಯದ ಬಗ್ಗೆ ಅದರಲ್ಲಿ ಬರೆದಿರುವುದು ಒಂದು ದೂರ. ಆಬ್ಜೆಕ್ಟ್ ಶುರುವಾದಲ್ಲಿಂದ ಇಷ್ಟು ಬೈಟ್ ಆಚೆ ಎಂದು. ನಂಬರಿಗೆ 0, ಬ್ಯಾಲೆನ್ಸಿಗೆ 8. ಸ್ಟ್ಯಾಟಿಕ್ ಸದಸ್ಯಕ್ಕೆ ಇಂಥ ದೂರವೇ ಇಲ್ಲ. ಆಬ್ಜೆಕ್ಟಿನ ವಿಳಾಸ ಹಿಡಿದು ಎಷ್ಟು ನಡೆದರೂ ಅದು ಸಿಗುವುದಿಲ್ಲ.

ಆದ್ದರಿಂದ ಅದರ ದಾಖಲೆ ಎರಡು ಕಡೆ ಇರುತ್ತದೆ. ಕ್ಲಾಸಿನ ವಿವರದೊಳಗೆ, ಟೋಟಲ್ ಎಂಬುದೊಂದಿದೆ ಎಂಬ ಘೋಷಣೆ ಮಾತ್ರ. ಕ್ಲಾಸಿನ ಹೊರಗೆ, ಇನ್ನೊಂದು ದಾಖಲೆಯಲ್ಲಿ, ಅದರ ನಿಜವಾದ ವಿಳಾಸ. ಹೊರಗಿನ ದಾಖಲೆ ಒಳಗಿನದನ್ನು ಬೊಟ್ಟು ಮಾಡಿ, ನಾನು ಇದರ ಜಾಗ ಎನ್ನುತ್ತದೆ. ಈ ಒಳಗಿನ ಘೋಷಣೆಯನ್ನು ಏನೆಂದು ಕರೆಯಬೇಕು ಎಂಬುದರಲ್ಲೇ ಬದಲಾವಣೆ ಆಗಿದೆ. ಡ್ವಾರ್ಫಿನ ನಾಲ್ಕನೆಯ ಆವೃತ್ತಿಯವರೆಗೂ ಜಿಸಿಸಿ ಕಂಪೈಲರ್ ಅದನ್ನು ಕ್ಲಾಸಿನ ಮೆಂಬರ್ ಎಂದೇ ನಮೂದಿಸುತ್ತಿತ್ತು. ಐದನೆಯ ಆವೃತ್ತಿಯಲ್ಲಿ ಅದನ್ನು ವೇರಿಯಬಲ್ ಎಂದು ನಮೂದಿಸುತ್ತದೆ. ಬದಲಾವಣೆ ಸರಿಯಾದದ್ದು ಎಂದು ನನಗನ್ನಿಸುತ್ತದೆ. ಯಾಕೆಂದರೆ ಸ್ವಭಾವದಲ್ಲಿ ಅದು ಎಲ್ಲರಿಗೂ ಸಿಗುವ ಗ್ಲೋಬಲ್ ವೇರಿಯಬಲ್ಲೇ. ಕ್ಲಾಸಿನಿಂದ ಪಡೆದದ್ದು ಹೆಸರು, ಮತ್ತು ಯಾರು ಮುಟ್ಟಬಹುದು ಯಾರು ಮುಟ್ಟಬಾರದು ಎಂಬ ಕಟ್ಟುಪಾಡು.

ಇನ್ನು ಹುಡುಕಾಟ. ಜಿಡಿಬಿ ಟೋಟಲನ್ನು ಹುಡುಕುವುದು ಹೆಸರು ಹಿಡಿದು. ಮೊದಲು ಡ್ವಾರ್ಫ್ ಮಾಹಿತಿಯಲ್ಲಿ ನೋಡುತ್ತದೆ. ಅಲ್ಲಿ ಸಿಗದಿದ್ದರೆ, ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರ್ ಬಿಟ್ಟುಹೋದ ಹೆಸರುಗಳ ಪಟ್ಟಿಯಲ್ಲಿ ನೋಡುತ್ತದೆ. ಆ ಪಟ್ಟಿಯಲ್ಲಿ ಹೆಸರು ಇರುವ ರೀತಿಯೇ ಬೇರೆ. ಅಂಡರ್‌ಸ್ಕೋರ್, ಝಡ್, ಎನ್, 7, ಅಕೌಂಟ್, 5, ಟೋಟಲ್, ಇ. ಎಲ್ಲವೂ ನಡುವೆ ಜಾಗವಿಲ್ಲದೆ ಕೂಡಿಕೊಂಡಿರುತ್ತವೆ. 7 ಎಂದರೆ ಇಂಗ್ಲಿಷಿನಲ್ಲಿ ಬರೆದ ಅಕೌಂಟ್ ಪದದ ಅಕ್ಷರಗಳು, 5 ಎಂದರೆ ಟೋಟಲ್ ಪದದ ಅಕ್ಷರಗಳು. ಅಲ್ಲೂ ಸಿಗದಿದ್ದರೆ ಜಿಡಿಬಿ ಕೈಚೆಲ್ಲುತ್ತದೆ. ಬೆಲೆ ಬರಬೇಕಾದ ಜಾಗದಲ್ಲಿ ಆಪ್ಟಿಮೈಸ್ಡ್ ಔಟ್ ಎಂದು ಬರೆಯುತ್ತದೆ.

ಈ ಕೊನೆಯ ಮಾತಿನಲ್ಲಿ ಸ್ವಲ್ಪ ನಿಲ್ಲಬೇಕು. ಆಪ್ಟಿಮೈಸ್ಡ್ ಔಟ್ ಎಂದರೆ ಕಂಪೈಲರ್ ಜಾಣತನ ಮಾಡಿ ಅದನ್ನು ತೆಗೆದುಹಾಕಿದೆ ಎಂದು ಅರ್ಥ. ಸ್ಟ್ಯಾಟಿಕ್ ಸದಸ್ಯದ ವಿಷಯದಲ್ಲಿ ಎಷ್ಟೋ ಸಲ ನಡೆದಿರುವುದು ಅದಲ್ಲ. ಕ್ಲಾಸಿನೊಳಗೆ ಹೆಸರು ಬರೆದ ಪ್ರೋಗ್ರಾಮರ್ ಹೊರಗೆ ಅದಕ್ಕೆ ಜಾಗ ಮಾಡಿಕೊಡುವ ಒಂದು ಸಾಲು ಬರೆಯುವುದನ್ನು ಬಿಟ್ಟಿರುತ್ತಾನೆ. ಅಂಗಳದಲ್ಲಿ ಬಾವಿ ತೋಡಿಯೇ ಇಲ್ಲ. ಆ ಸದಸ್ಯವನ್ನು ಯಾರಾದರೂ ಬಳಸಿದ್ದರೆ ಲಿಂಕರ್ ತಕರಾರು ತೆಗೆಯುತ್ತಿತ್ತು. ಯಾರೂ ಬಳಸದಿದ್ದರೆ ಪ್ರೋಗ್ರಾಂ ಸುಸೂತ್ರವಾಗಿ ಓಡುತ್ತದೆ, ಡಿಬಗರಿನಲ್ಲಿ ಮಾತ್ರ ಈ ಸಂದೇಶ ಕಾಣುತ್ತದೆ. ಆಗ ಕಂಪೈಲರಿನ ಆಪ್ಟಿಮೈಸೇಷನ್ ಆಫ್ ಮಾಡಿ ಮತ್ತೆ ಮತ್ತೆ ಕಟ್ಟುತ್ತಾ ಕೂತರೆ ಪ್ರಯೋಜನವಿಲ್ಲ. ಜಾಗ ಕೊಟ್ಟಿದ್ದೇವೆಯೇ ಎಂದು ಮೊದಲು ಮೂಲ ಕಡತದಲ್ಲಿ ನೋಡಬೇಕು.

ಇದಕ್ಕೆ ತಿರುವುಮುರುವಾದ ಪ್ರಸಂಗವೂ ಇದೆ. ಕ್ಲಾಸಿನೊಳಗೇ ಬೆಲೆ ಕೊಟ್ಟ, ಎಂದೂ ಬದಲಾಗದ ಸ್ಟ್ಯಾಟಿಕ್ ಸದಸ್ಯ. ಒಂದು ದಿನಕ್ಕೆ 50,000 ರೂಪಾಯಿ ಮಾತ್ರ ತೆಗೆಯಬಹುದು ಎಂಬ ಮಿತಿ ಎನ್ನಿ. ಕಂಪೈಲರ್ ಆ ಅಂಕಿಯನ್ನು ಬೇಕಾದ ಕಡೆಯಲ್ಲೆಲ್ಲ ನೇರವಾಗಿ ಆದೇಶದೊಳಗೇ ಬರೆದುಬಿಡುತ್ತದೆ. ಮೆಮೊರಿಯಲ್ಲಿ ಅದಕ್ಕೆ ಜಾಗವೇ ಇಲ್ಲದಿರಬಹುದು. ಆದರೂ ಡಿಬಗರ್ 50,000 ಎಂದು ತೋರಿಸುತ್ತದೆ, ಯಾಕೆಂದರೆ ಬೆಲೆಯನ್ನೇ ಡ್ವಾರ್ಫ್ ಮಾಹಿತಿಯಲ್ಲಿ ಬರೆದಿಟ್ಟಿದೆ. ವಿಳಾಸ ಕೇಳಿದರೆ ಮಾತ್ರ ಕೊಡುವುದಿಲ್ಲ.

ಈವರೆಗೆ ನೋಡಿದ್ದನ್ನು ಒಮ್ಮೆ ಕೂಡಿಸಿಕೊಳ್ಳೋಣ. ಸ್ಟ್ಯಾಟಿಕ್ ಸದಸ್ಯಕ್ಕೆ ದೂರದ ಲೆಕ್ಕವಿಲ್ಲ. ಡಿಬಗರ್ ಹೆಸರು ಹಿಡಿದು ಹುಡುಕಿ, ಸಿಕ್ಕಿದ್ದನ್ನು ತಂದು, ಆಬ್ಜೆಕ್ಟಿನ ಆವರಣದೊಳಗೆ ಕೂರಿಸಿ ತೋರಿಸುತ್ತದೆ. ಹೀಗೆ ಹೊರಗಿನದನ್ನು ಒಳಗೆ ಕೂರಿಸಿದ್ದರಿಂದ ಹುಟ್ಟುವ ಎರಡು ಸಂಗತಿಗಳನ್ನು ಈಗ ಹೇಳುತ್ತೇನೆ.

ಮೊದಲನೆಯದು ಹಳೆಯ ಬೆಲೆಗಳದು. ಪ್ರಿಂಟ್ ಎಂದು ಕೇಳಿದಾಗಲೆಲ್ಲ ಜಿಡಿಬಿ ಉತ್ತರಕ್ಕೆ ಒಂದು ಸಂಖ್ಯೆ ಕೊಟ್ಟು ಇಟ್ಟುಕೊಳ್ಳುತ್ತದೆ. ಡಾಲರ್ 1, ಡಾಲರ್ 2, ಹೀಗೆ. ಅರ್ಧ ಗಂಟೆ ಬಿಟ್ಟು ಡಾಲರ್ 1ನ್ನು ಮತ್ತೆ ಕೇಳಿದರೆ ಆಗಿನ ನಂಬರ್, ಆಗಿನ ಬ್ಯಾಲೆನ್ಸ್ ಹಾಗೆಯೇ ಬರುತ್ತವೆ. ಟೋಟಲ್? ಅದು ಈ ಕ್ಷಣದ್ದು. ಜಿಡಿಬಿ ಇಟ್ಟುಕೊಂಡದ್ದು ಆಬ್ಜೆಕ್ಟಿನ 16 ಬೈಟುಗಳನ್ನು. ಟೋಟಲ್ ಆ 16ರಲ್ಲಿ ಇರಲಿಲ್ಲ. ಆದ್ದರಿಂದ ತೋರಿಸುವ ಹೊತ್ತಿಗೆ ಅದನ್ನು ಹೊಸದಾಗಿ ಓದಿ ತರುತ್ತದೆ. ಒಂದೇ ಸಾಲಿನಲ್ಲಿ ಎರಡು ಬೆಲೆ ಆಗಿನವು, ಒಂದು ಈಗಿನದು. ಮುಂಚಿನ ಸ್ಥಿತಿಗೂ ಈಗಿನ ಸ್ಥಿತಿಗೂ ಹೋಲಿಸಿ ನೋಡುವವರು ಇದನ್ನು ಮರೆತರೆ, ಟೋಟಲ್ ಬದಲಾಗಲೇ ಇಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ಎರಡನೆಯದು ಕೊನೆಯಿಲ್ಲದ ಸುತ್ತು. ಇಡೀ ಪ್ರೋಗ್ರಾಮಿನಲ್ಲಿ ಒಂದೇ ಒಂದು ಆಬ್ಜೆಕ್ಟ್ ಇರಬೇಕಾದ ಕ್ಲಾಸುಗಳಿರುತ್ತವೆ. ಸಿಂಗಲ್ಟನ್ ಎನ್ನುತ್ತಾರೆ. ಆ ಒಂದು ಆಬ್ಜೆಕ್ಟನ್ನು ಅದೇ ಕ್ಲಾಸಿನ ಸ್ಟ್ಯಾಟಿಕ್ ಸದಸ್ಯವಾಗಿ ಇಡುವುದು ರೂಢಿ. ಈಗ ಯೋಚಿಸಿ. ಡಿಬಗರ್ ಆಬ್ಜೆಕ್ಟನ್ನು ತೋರಿಸಲು ಹೊರಟಿತು. ಅದರೊಳಗೆ ಸ್ಟ್ಯಾಟಿಕ್ ಸದಸ್ಯ ಬಂತು. ಆ ಸದಸ್ಯವೂ ಅದೇ ಕ್ಲಾಸಿನ ಆಬ್ಜೆಕ್ಟ್. ಅದನ್ನು ತೋರಿಸಬೇಕಾದರೆ ಅದರ ಸ್ಟ್ಯಾಟಿಕ್ ಸದಸ್ಯವನ್ನು ತೋರಿಸಬೇಕು. ಅದು ಮತ್ತೆ ತಾನೇ. ಸಾಮಾನ್ಯ ಸದಸ್ಯಗಳಲ್ಲಿ ಇದು ಎಂದಿಗೂ ಆಗದು. ತನ್ನನ್ನೇ ತನ್ನೊಳಗೆ ಪೂರ್ತಿ ಇಟ್ಟುಕೊಳ್ಳುವ ಆಬ್ಜೆಕ್ಟಿಗೆ ಮುಗಿಯದಷ್ಟು ಮೆಮೊರಿ ಬೇಕಾಗುತ್ತದೆ, ಕಂಪೈಲರ್ ಒಪ್ಪುವುದಿಲ್ಲ. ಸ್ಟ್ಯಾಟಿಕ್ ಹೊರಗಿರುವುದರಿಂದ ಭಾಷೆಯ ದೃಷ್ಟಿಯಲ್ಲಿ ತೊಡಕಿಲ್ಲ. ತೊಡಕು ತೋರಿಸುವವನಿಗೆ.

ಜಿಡಿಬಿ ಇದಕ್ಕೆ ಮಾಡಿಕೊಂಡಿರುವ ಉಪಾಯ ನನಗೆ ತುಂಬ ಇಷ್ಟ. ಒಂದು ಆಬ್ಜೆಕ್ಟನ್ನು ತೋರಿಸುತ್ತಿರುವಷ್ಟು ಹೊತ್ತು, ದಾರಿಯಲ್ಲಿ ಸಿಕ್ಕ ಸ್ಟ್ಯಾಟಿಕ್ ಸದಸ್ಯಗಳ ವಿಳಾಸಗಳನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಹಿಂದೆ ಬಂದುಹೋದ ವಿಳಾಸವೇ ಮತ್ತೆ ಎದುರಾದರೆ ಒಳಗೆ ಇಳಿಯುವುದಿಲ್ಲ. ಈಗಾಗಲೇ ಕಂಡ ಸ್ಟ್ಯಾಟಿಕ್ ಸದಸ್ಯವೇ ಇದು ಎಂಬರ್ಥದ ಒಂದು ಟಿಪ್ಪಣಿ ಬರೆದು ಮುಂದೆ ಹೋಗುತ್ತದೆ. ಪರದೆಯ ಮೇಲೆ ಆ ಟಿಪ್ಪಣಿ ಕಂಡರೆ ಗಾಬರಿ ಬೇಡ. ಏನೋ ಕೆಟ್ಟಿದೆ ಎಂದಲ್ಲ, ಸುತ್ತು ಅಲ್ಲಿಗೆ ನಿಂತಿದೆ ಎಂದು.

ಹಳೆಯ ಬೆಲೆಯ ಜೊತೆ ಹೊಸ ಬೆಲೆ, ಮತ್ತು ಕೊನೆಯಿಲ್ಲದ ಸುತ್ತು. ಈ ಎರಡನ್ನು ನೋಡಿದೆವು. ಮೂರನೆಯ ತೊಂದರೆ ಬರೀ ಗದ್ದಲದ್ದು.

ಸಿ ಪ್ಲಸ್ ಪ್ಲಸ್ ಭಾಷೆಯ ಸ್ಟ್ರಿಂಗ್ ಕ್ಲಾಸ್ ಎಲ್ಲರೂ ಬಳಸುವಂಥದ್ದು. ಒಂದು ಸ್ಟ್ರಿಂಗನ್ನು ಅಲಂಕಾರವಿಲ್ಲದೆ, ಇದ್ದ ಹಾಗೆ ತೋರಿಸು ಎಂದರೆ ಮೊಟ್ಟಮೊದಲು ಬರುವುದು ಎನ್‌ಪಾಸ್ ಎಂಬ ಸ್ಟ್ಯಾಟಿಕ್ ಸದಸ್ಯ. ಅದರ ಬೆಲೆ ಇಪ್ಪತ್ತು ಅಂಕಿಗಳ ಸಂಖ್ಯೆ. 64 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ ಅದು. ಹುಡುಕಿದ್ದು ಸಿಗಲಿಲ್ಲ ಎಂದು ಹೇಳಲು ಅದನ್ನು ಬಳಸುತ್ತಾರೆ. ನೀವು ನೋಡಬೇಕೆಂದಿದ್ದ ಪದ ಅದರ ಹಿಂದೆ ಎಲ್ಲೋ ಇರುತ್ತದೆ. ಮೊದಲ ಸಲ ನೋಡಿದವರು ಮೆಮೊರಿ ಹಾಳಾಗಿದೆ ಎಂದೇ ಹೆದರುತ್ತಾರೆ.

ನಾರ್ವೆಯ ಟ್ರೋಲ್‌ಟೆಕ್ ಕಂಪನಿ 1995ರಲ್ಲಿ ಹೊರತಂದ ಕ್ಯೂಟಿ ಎಂಬ ಸಲಕರಣೆ ಬಳಸುವವರ ಕಷ್ಟ ಇನ್ನೂ ಹೆಚ್ಚು. ಪರದೆಯ ಮೇಲಿನ ಕಿಟಕಿ, ಬಟನ್ ಮುಂತಾದುವನ್ನು ಅದರಿಂದ ಕಟ್ಟುತ್ತಾರೆ. ಅದರ ಇಂಥ ಕ್ಲಾಸುಗಳಲ್ಲಿ ಪ್ರತಿಯೊಂದಕ್ಕೂ ತನ್ನ ಬಗ್ಗೆಯೇ ವಿವರ ಇಟ್ಟುಕೊಳ್ಳುವ ಒಂದು ಸ್ಟ್ಯಾಟಿಕ್ ಸದಸ್ಯ ಇರುತ್ತದೆ. ಒಂದು ಬಟನ್ ಎಂದರೆ ಅದರ ಹಿಂದೆ ಮೂರು ತಲೆಮಾರಿನ ಕ್ಲಾಸುಗಳು. ಬಟನ್ನನ್ನು ತೋರಿಸು ಎಂದರೆ ನಾಲ್ಕು ತಲೆಮಾರಿನ ಸ್ಟ್ಯಾಟಿಕ್ ವಿವರವೂ ಸುರಿಯುತ್ತದೆ. ಬೇಕಾದ ಎರಡು ಬೆಲೆಗಳು ಅದರ ನಡುವೆ ಮುಳುಗಿಹೋಗುತ್ತವೆ.

ಇದಕ್ಕೆ ಜಿಡಿಬಿಯಲ್ಲಿ ಒಂದು ಆದೇಶ ಇದೆ. ಬರೆದುಕೊಳ್ಳುವವರು ಬರೆದುಕೊಳ್ಳಿ. ಸೆಟ್, ಪ್ರಿಂಟ್, ಸ್ಟ್ಯಾಟಿಕ್ ಹೈಫನ್ ಮೆಂಬರ್ಸ್, ಆಫ್. ಹೀಗೆಂದರೆ ಆಬ್ಜೆಕ್ಟುಗಳ ಜೊತೆ ಸ್ಟ್ಯಾಟಿಕ್ ಸದಸ್ಯಗಳು ಕಾಣುವುದು ನಿಲ್ಲುತ್ತದೆ. ಆಫ್ ಬದಲು ಆನ್ ಎಂದರೆ ಮತ್ತೆ ಕಾಣುತ್ತವೆ. ಏನೂ ಹೇಳದಿದ್ದರೆ ಆನ್ ಇರುತ್ತದೆ. ಆಫ್ ಮಾಡಿದರೂ ಅಕೌಂಟ್, ಎರಡು ಕೋಲನ್, ಟೋಟಲ್ ಎಂದು ಪೂರ್ತಿ ಹೆಸರು ಹೇಳಿ ಕೇಳಿದರೆ ಬೆಲೆ ಸಿಕ್ಕೇ ಸಿಗುತ್ತದೆ.

ಎಷ್ಟೋ ಜನ ಈ ಆಫ್ ಆದೇಶವನ್ನು ಜಿಡಿಬಿ ಶುರುವಾಗುವಾಗಲೇ ಓದುವ ಕಡತದಲ್ಲಿ ಶಾಶ್ವತವಾಗಿ ಬರೆದಿಟ್ಟುಬಿಡುತ್ತಾರೆ. ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಹಲವರು ಸೇರಿ ಬಳಸುವ ಬೆಲೆ ಎಲ್ಲಿಂದ ಯಾರು ಬದಲಿಸಿದರು ಎಂದು ತಿಳಿಯದಿರುವುದೇ ದೊಡ್ಡ ಪ್ರೋಗ್ರಾಮುಗಳ ಎಷ್ಟೋ ಕಠಿಣ ತಪ್ಪುಗಳಿಗೆ ಮೂಲ. ಅದನ್ನೇ ಕಣ್ಣಿಂದ ಮರೆಮಾಡಿಕೊಂಡು ತಪ್ಪು ಹುಡುಕುವುದು ಸರಿಯಲ್ಲ. ಗದ್ದಲ ಇರುವಲ್ಲಿ ಆಫ್ ಮಾಡಿ, ಕೆಲಸ ಮುಗಿದ ಮೇಲೆ ಆನ್ ಮಾಡಿ.

ಬೇರೆ ಡಿಬಗರುಗಳು ಬೇರೆ ದಾರಿ ಹಿಡಿದಿವೆ. ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋ ಸಿ ಶಾರ್ಪ್ ಆಬ್ಜೆಕ್ಟನ್ನು ತೋರಿಸುವಾಗ ಸ್ಟ್ಯಾಟಿಕ್ ಮೆಂಬರ್ಸ್ ಎಂಬ ಬೇರೆ ಗುಂಪು ಮಾಡುತ್ತದೆ. ಬೇಕಾದವರು ಅದನ್ನು ಬಿಚ್ಚಿ ನೋಡಬಹುದು. ಜಾವಾ ಬಳಸುವವರಿಗೆ ಎಕ್ಲಿಪ್ಸ್‌ನಲ್ಲಿ, ಇಂಟೆಲಿಜೆಯಲ್ಲಿ ತೋರಿಸು ಅಥವಾ ಬಿಡು ಎಂಬ ಆಯ್ಕೆ ಇದೆ. ಸಿ ಶಾರ್ಪಿಗಾಗಿ ಮಾಡಿದ ಬೇರೆ ಗುಂಪಿನ ಏರ್ಪಾಡು ಓದುವವರಿಗೆ ಹೆಚ್ಚು ಪ್ರಾಮಾಣಿಕವಾಗಿದೆ ಎಂದು ನನ್ನ ಅಭಿಪ್ರಾಯ. ಸಾಲಿನ ನಡುವಿನ ಒಂದು ಗುರುತು ಕಣ್ತಪ್ಪಬಹುದು, ಬೇರೆಯಾಗಿ ನಿಂತ ಗುಂಪು ಕಣ್ತಪ್ಪುವುದಿಲ್ಲ.

ತೋರಿಸುವ ಬಗೆ ಇಷ್ಟಾಯಿತು. ಇನ್ನು ಕಾಯುವುದರ ಬಗ್ಗೆ ಒಂದು ಮಾತು. ಟೋಟಲಿನ ವಿಳಾಸ ಒಂದೇ ಆದ್ದರಿಂದ ಅದರ ಮೇಲೆ ಕಾವಲು ಹಾಕುವುದು ಸುಲಭ. ವಾಚ್ ಎಂದು ಹೇಳಿ ಪೂರ್ತಿ ಹೆಸರು ಕೊಟ್ಟರೆ ಸಾಕು. ಯಾವ ಆಬ್ಜೆಕ್ಟಿನ ಮೂಲಕ, ಯಾವ ಫಂಕ್ಷನ್ ಬದಲಿಸಿದರೂ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಇಂಟೆಲ್ ಮಾದರಿಯ ಪ್ರೊಸೆಸರುಗಳಲ್ಲಿ ಇಂಥ ಕಾವಲಿಗೆಂದೇ ನಾಲ್ಕು ರಿಜಿಸ್ಟರುಗಳಿವೆ. ಪ್ರೋಗ್ರಾಮಿನ ವೇಗಕ್ಕೆ ಧಕ್ಕೆಯಿಲ್ಲ. ಸಾವಿರ ಖಾತೆಗಳಿದ್ದರೆ ಸಾವಿರ ಬ್ಯಾಲೆನ್ಸುಗಳನ್ನು ಹೀಗೆ ಕಾಯಲಾರೆವು. ಟೋಟಲನ್ನು ಕಾಯಬಹುದು.

ಕೊನೆಗೆ ಒಂದು ಅಪಾಯ ಹೇಳಿ ಮುಗಿಸುತ್ತೇನೆ. ಇಷ್ಟು ಹೊತ್ತು ಪ್ರತಿ ಒಂದೇ, ವಿಳಾಸ ಒಂದೇ ಎಂದು ಹೇಳುತ್ತಾ ಬಂದೆ. ಅದು ಮುರಿಯುವ ಸಂದರ್ಭವಿದೆ. 2017ರ ಸಿ ಪ್ಲಸ್ ಪ್ಲಸ್‌ನಲ್ಲಿ ಸ್ಟ್ಯಾಟಿಕ್ ಸದಸ್ಯಕ್ಕೆ ಕ್ಲಾಸಿನೊಳಗೇ, ಇನ್‌ಲೈನ್ ಎಂದು ಸೇರಿಸಿ, ಜಾಗ ಕೊಡಬಹುದು. ಹೊರಗಿನ ಸಾಲು ಬೇಡ. ಕ್ಲಾಸ್ ಬರೆದಿರುವ ಹೆಡರ್ ಕಡತವನ್ನು ಎಷ್ಟು ಕಡೆ ಸೇರಿಸಿಕೊಂಡರೂ ಲಿಂಕರ್ ಒಂದನ್ನೇ ಉಳಿಸುತ್ತದೆ. ಆದರೆ ಪ್ರೋಗ್ರಾಂ ಎರಡು ಶೇರ್ಡ್ ಲೈಬ್ರರಿಗಳಾಗಿ ಒಡೆದಿದ್ದು, ಎರಡರಲ್ಲೂ ಆ ಹೆಸರನ್ನು ಹೊರಗೆ ಕಾಣದಂತೆ ಮುಚ್ಚಿಟ್ಟಿದ್ದರೆ, ಒಂದೊಂದು ಲೈಬ್ರರಿಗೂ ಒಂದೊಂದು ಟೋಟಲ್ ಆಗುತ್ತದೆ. ಒಂದು ಲೈಬ್ರರಿ ತನ್ನದನ್ನು ಏರಿಸುತ್ತದೆ, ಇನ್ನೊಂದು ತನ್ನದನ್ನು. ಹೆಸರು ಹಿಡಿದು ಹುಡುಕುವ ಡಿಬಗರ್ ಎರಡರಲ್ಲಿ ಒಂದನ್ನು ತೋರಿಸುತ್ತದೆ. ಅದು ನೀವು ನಿಂತಿರುವ ಸಾಲು ಬಳಸುತ್ತಿರುವ ಟೋಟಲೇ ಆಗಿರಬೇಕೆಂದಿಲ್ಲ.

ಇಂಥ ಅನುಮಾನ ಬಂದರೆ ಹೀಗೆ ಮಾಡಿ. ಟೋಟಲಿನ ವಿಳಾಸವನ್ನು ಪ್ರೋಗ್ರಾಮಿನಿಂದಲೇ, ಎರಡೂ ಲೈಬ್ರರಿಗಳ ಒಳಗಿನಿಂದ, ಒಂದೊಂದು ಸಾಲಿನಲ್ಲಿ ಹೊರಗೆ ಹಾಕಿಸಿ. ಎರಡೂ ಒಂದೇ ಆದರೆ ತಪ್ಪು ಬೇರೆಲ್ಲೋ ಇದೆ. ಬೇರೆ ಬೇರೆ ಬಂದರೆ ಜಿಡಿಬಿಗೆ ಇನ್ಫೋ ಸಿಂಬಲ್ ಎಂದು ಹೇಳಿ ಒಂದೊಂದು ವಿಳಾಸವನ್ನೂ ಕೊಡಿ. ಆ ಜಾಗ ಯಾವ ಹೆಸರಿನದು, ಯಾವ ವಿಭಾಗದಲ್ಲಿದೆ, ಯಾವ ಲೈಬ್ರರಿಯ ಕಡತಕ್ಕೆ ಸೇರಿದೆ ಎಂದು ಅದು ಹೇಳುತ್ತದೆ. ಎರಡು ಕಡತಗಳ ಹೆಸರು ಕೈಗೆ ಬಂದ ಮೇಲೆ ಆ ಹೆಸರನ್ನು ಮುಚ್ಚಿಟ್ಟ ಕಡೆ ತೆರೆದರೆ, ಅಥವಾ ಜಾಗ ಕೊಡುವ ಸಾಲನ್ನು ಒಂದೇ ಲೈಬ್ರರಿಗೆ ಸರಿಸಿ ಉಳಿದದ್ದು ಅಲ್ಲಿಂದಲೇ ಪಡೆಯುವಂತೆ ಮಾಡಿದರೆ, ಟೋಟಲ್ ಮತ್ತೆ ಒಂದಾಗುತ್ತದೆ.